ಋತುವಿನ ಸರಾಸರಿಯಲ್ಲಿ ಕಾಣದ ಜೊಳ್ಳು: ಬೆಳೆ ನಷ್ಟವನ್ನು ಅಳೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೃಷಿ ಬಜೆಟ್ ಬರೆಯುವವರು, ಹವಾಮಾನ ಮುನ್ಸೂಚನೆ ಹೊರಡಿಸುವವರು, ಬೆಳೆ ವಿಮೆಯ ನಿಯಮ ರೂಪಿಸುವವರು, ಕೊಯ್ಲಿನ ನಂತರ ನಷ್ಟದ ಲೆಕ್ಕ ಹಾಕುವವರು ಯಾವ ದೇಶದಲ್ಲೇ ಇರಲಿ, ಅವರೆಲ್ಲರನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಪೈರನ್ನು ದಿನದಿನವೂ ನೋಡಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದವನು ನಾನು. ಋತು ಮುಗಿದ ಮೇಲೆ ನಿಮ್ಮ ಕಡೆಯಿಂದ ಹೊರಬರುವ ವರದಿಗಳನ್ನೂ ತಪ್ಪದೆ ಓದುತ್ತೇನೆ. ಮಳೆ ವಾಡಿಕೆಯಷ್ಟೇ ಆಗಿದೆ, ಉಷ್ಣಾಂಶ ಸರಾಸರಿಗಿಂತ ಅಲ್ಪ ಪ್ರಮಾಣದಲ್ಲಿ ಹೆಚ್ಚಿದೆ, ಬೆಳೆಯ ಸ್ಥಿತಿ ತೃಪ್ತಿಕರವಾಗಿದೆ ಎಂದು ವರದಿ ಹೇಳುತ್ತಿರುವ ಅದೇ ಹೊತ್ತಿನಲ್ಲಿ, ಅದೇ ಪ್ರದೇಶದ ಗದ್ದೆಯಲ್ಲಿ ತೆನೆ ಹಿಡಿದು ನೋಡಿದರೆ ಅರ್ಧಕ್ಕರ್ಧ ಜೊಳ್ಳಾಗಿರುವುದನ್ನು ನಾನು ಒಂದಲ್ಲ, ಹಲವು ಬಾರಿ ಕಂಡಿದ್ದೇನೆ. ವರದಿಯಲ್ಲಿ ಬರೆದದ್ದೂ ಸುಳ್ಳಲ್ಲ, ತೆನೆಯಲ್ಲಿ ಕಂಡದ್ದೂ ಸುಳ್ಳಲ್ಲ. ಇವೆರಡರ ನಡುವೆ ಇಷ್ಟು ಅಂತರ ಏಕೆ ಬರುತ್ತದೆ ಎಂಬುದನ್ನು ವಿವರಿಸಿ, ಅಳೆಯುವ ಕ್ರಮವನ್ನೇ ಬದಲಿಸಬೇಕೆಂದು ನಿಮ್ಮನ್ನು ಕೇಳಿಕೊಳ್ಳುವುದು ಈ ಪತ್ರದ ಉದ್ದೇಶ.

ಮೊದಲು ಭತ್ತದ ಹೂವಿನ ವಿಷಯ. ತೆನೆಯಲ್ಲಿರುವ ಒಂದೊಂದು ಹೂವೂ ತನ್ನ ಬದುಕಿನಲ್ಲಿ ಒಂದೇ ಒಂದು ಬಾರಿ, ಸಾಮಾನ್ಯವಾಗಿ ಬೆಳಗಿನ ಹೊತ್ತು, ಸುಮಾರು ಒಂದು ಗಂಟೆಯ ಮಟ್ಟಿಗೆ ಬಾಯಿ ತೆರೆಯುತ್ತದೆ. ಅಷ್ಟರಲ್ಲಿ ಪರಾಗಕೋಶ ಒಡೆದು, ಪರಾಗ ಹೂವಿನ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದು, ಅಲ್ಲಿ ಮೊಳೆತು ಒಳಗಿಳಿಯಬೇಕು. ಆ ಒಂದು ಗಂಟೆಯಲ್ಲಿ ಹೂವಿನ ಸುತ್ತಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ; ಒಡೆದರೂ ಬಿದ್ದ ಪರಾಗ ಮೊಳೆಯುವುದಿಲ್ಲ. ಕೆಲವು ತಳಿಗಳಲ್ಲಿ 34 ಡಿಗ್ರಿಯ ಆಸುಪಾಸಿನ ಬಿಸಿಗೆ ಒಂದು ಗಂಟೆಗಿಂತ ಕಡಿಮೆ ಹೊತ್ತು ಒಡ್ಡಿದರೂ ಹೂವು ಬಂಜೆಯಾಗುತ್ತದೆ ಎಂಬುದು ನಿಯಂತ್ರಿತ ಪ್ರಯೋಗಗಳಲ್ಲಿ ಕಂಡುಬಂದಿದೆ. ಆ ಮೇಲೆ ಎಷ್ಟು ನೀರು ಹಾಯಿಸಿದರೂ, ಎಷ್ಟು ಗೊಬ್ಬರ ಹಾಕಿದರೂ, ಮುಚ್ಚಿಕೊಂಡ ಆ ಹೂವಿನೊಳಗೆ ಕಾಳು ಕಟ್ಟುವುದಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ನಷ್ಟ ಮೌನವಾಗಿ ಆಗುತ್ತದೆ ಎಂಬ ಸಂಗತಿ. ಎಲೆ ಹಸುರಾಗಿಯೇ ಇರುತ್ತದೆ, ಪೈರು ಎತ್ತರವಾಗಿಯೇ ನಿಂತಿರುತ್ತದೆ, ರಸ್ತೆಯ ಮೇಲಿಂದ ನೋಡಿದವರಿಗೆ ಫಸಲು ಸೊಗಸಾಗಿಯೇ ಕಾಣುತ್ತದೆ. ಎರಡು ಮೂರು ವಾರ ಕಳೆದು, ಕಾಳಿನ ಭಾರಕ್ಕೆ ಬಾಗಬೇಕಾದ ತೆನೆ ಬಾಗದೆ ನೆಟ್ಟಗೆ ನಿಂತಾಗ ಮಾತ್ರ ಬೆಳೆದವರಿಗೆ ಗೊತ್ತಾಗುತ್ತದೆ. ಪಕ್ಕದ ಗದ್ದೆಯಲ್ಲಿ ಹತ್ತು ದಿನ ತಡವಾಗಿ ನಾಟಿ ಮಾಡಿದವರ ಪೈರು ಆ ಬಿಸಿಯ ದಿನಗಳಲ್ಲಿ ಇನ್ನೂ ಹೊಡೆಯಲ್ಲಿದ್ದು, ಅಂದರೆ ತೆನೆ ಹೊರಬರದೆ ಒಳಗೇ ಇದ್ದು, ಪಾರಾಗಿರಬಹುದು. ಒಂದೇ ಬಿಸಿಲು, ಒಂದೇ ಮಣ್ಣು, ಒಂದೇ ತಳಿಯಾದರೂ ಇಳುವರಿ ಎರಡು ಬಗೆ. ಇದಕ್ಕೆ ಕಾರಣ ಯಾವ ತಾರೀಖಿನಂದು ಹೂವು ಅರಳಿತು ಎಂಬುದಷ್ಟೇ.

ಈಗ ನಿಮ್ಮ ವರದಿಯ ಲೆಕ್ಕಕ್ಕೆ ಬರುತ್ತೇನೆ. 120 ದಿನಗಳ ಬೆಳೆಯೊಂದರಲ್ಲಿ, ಹೂವು ಅರಳುವ ಹೊತ್ತಿನ 3 ದಿನ ಮಾತ್ರ ಗರಿಷ್ಠ ಉಷ್ಣಾಂಶ ವಾಡಿಕೆಗಿಂತ 6 ಡಿಗ್ರಿ ಹೆಚ್ಚಾಯಿತು, ಉಳಿದ 117 ದಿನ ವಾಡಿಕೆಯಂತೆಯೇ ಇತ್ತು ಎಂದಿಟ್ಟುಕೊಳ್ಳಿ. ಋತುವಿನ ಸರಾಸರಿಯಲ್ಲಿ ಆ 3 ದಿನಗಳ ಪಾಲು 0.15 ಡಿಗ್ರಿ ಮಾತ್ರ. ಕೋಷ್ಟಕದಲ್ಲಿ ಅದನ್ನು ಗಮನಿಸುವವರು ಯಾರೂ ಇರುವುದಿಲ್ಲ. ಮಳೆಯ ಲೆಕ್ಕವೂ ಹೀಗೆಯೇ: ದಿನಕ್ಕೆ 10 ಮಿಲಿಮೀಟರಿನಂತೆ 60 ದಿನ ಸುರಿದರೂ 600, ದಿನಕ್ಕೆ 100 ಮಿಲಿಮೀಟರಿನಂತೆ 6 ದಿನ ಸುರಿದರೂ 600. ಮೊದಲನೆಯದರಲ್ಲಿ ಬೆಳೆ ಉಂಡು ಬೆಳೆಯುತ್ತದೆ. ಎರಡನೆಯದರಲ್ಲಿ ಅದೇ ಬೆಳೆ ಆರು ದಿನ ನೀರಿನಲ್ಲಿ ಮುಳುಗಿ, ಉಳಿದ ದಿನಗಳಲ್ಲಿ ಒಣಗುತ್ತದೆ.

ಮೆಕ್ಕೆಜೋಳದಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಅದರ ಗಂಡು ಹೂವು ಗಿಡದ ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂವು ನಡುವಿನ ತೆನೆಯಲ್ಲಿ. ತೆನೆಯಿಂದ ಹೊರಬರುವ ಒಂದೊಂದು ರೇಷ್ಮೆ ಎಳೆಯೂ ಒಂದೊಂದು ಕಾಳಿಗೆ ದಾರಿ. ಎಳೆಗೆ ಪರಾಗ ಸಿಕ್ಕದಿದ್ದರೆ ಆ ಕಾಳು ಇಲ್ಲ. ನೀರಿನ ಕೊರತೆಯಾದಾಗ ಸೂಲಂಗಿ ಹೆಚ್ಚುಕಡಿಮೆ ತನ್ನ ಹೊತ್ತಿಗೇ ಪರಾಗ ಉದುರಿಸುತ್ತದೆ, ಆದರೆ ಎಳೆಗಳು ಹೊರಬರುವುದು ತಡವಾಗುತ್ತದೆ. ಎಳೆ ಬರುವಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಕೊಯ್ಲಿನಲ್ಲಿ ಸಿಪ್ಪೆ ಸುಲಿದಾಗ ತುದಿ ಬೋಳಾದ ತೆನೆ ಕಾಣುವುದು ಬಹುಮಟ್ಟಿಗೆ ಈ ಕೆಲವೇ ದಿನಗಳ ಹೊಂದಾಣಿಕೆ ತಪ್ಪಿದ್ದರ ಗುರುತು. 2012ರಲ್ಲಿ ಅಮೆರಿಕದಲ್ಲಿ ಬಿತ್ತನೆ ಬೇಗ ಮುಗಿದು, ಮೇ ತಿಂಗಳಲ್ಲಿ ಎಕರೆಗೆ 166 ಬುಷೆಲ್ (ಅಲ್ಲಿನ ಧಾನ್ಯದ ಅಳತೆ) ಇಳುವರಿಯ ಅಂದಾಜು ಹೊರಬಿದ್ದಿತ್ತು. ಆ ಬೇಸಿಗೆಯ ಬರ ಮತ್ತು ಬಿಸಿ ಎರಗಿದ್ದು ಮೆಕ್ಕೆಜೋಳ ಹೂವಾಡುವ ಹೊತ್ತಿಗೆ. ಕೊನೆಗೆ ಕೈಗೆ ಬಂದದ್ದು ಸುಮಾರು 123.

ಇಲ್ಲಿ ಬರ ಮತ್ತು ಬಿಸಿ ಎಂದು ಎರಡನ್ನೂ ಒಟ್ಟಿಗೆ ಹೇಳಿದ್ದಕ್ಕೆ ಕಾರಣವಿದೆ. ಗಾಳಿ ಬಿಸಿಯಾದಷ್ಟೂ ಅದರ ನೀರಿನ ದಾಹ ಹೆಚ್ಚುತ್ತದೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಏರುತ್ತದೆ. ಆ ದಾಹವನ್ನು ಗಾಳಿ ಎಲೆಯಿಂದ ಮತ್ತು ಮಣ್ಣಿನಿಂದ ತೀರಿಸಿಕೊಳ್ಳುತ್ತದೆ. ನೀರು ಸಾಲದೆ ಗಿಡ ಪತ್ರರಂಧ್ರಗಳನ್ನು ಮುಚ್ಚಿಕೊಂಡರೆ ಒಳಗೆ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ, ಬೆವರಿ ತಣ್ಣಗಾಗುವ ದಾರಿಯೂ ಮುಚ್ಚುತ್ತದೆ, ಎಲೆ ಇನ್ನಷ್ಟು ಕಾಯುತ್ತದೆ. ಆಫ್ರಿಕಾದ 20,000ಕ್ಕೂ ಹೆಚ್ಚು ಮೆಕ್ಕೆಜೋಳದ ಪ್ರಯೋಗ ತಾಕುಗಳ ಇಳುವರಿಯನ್ನು ದಿನದಿನದ ಹವಾಮಾನದೊಂದಿಗೆ ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಯಲ್ಲಿ ತೋರಿಸಿತು: 30 ಡಿಗ್ರಿಗಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ಬೆಳೆ ಕಳೆದ ಪ್ರತಿ ದಿನಕ್ಕೂ, ನೀರು ಸಾಕಷ್ಟಿದ್ದಲ್ಲಿ ಇಳುವರಿ ಶೇಕಡಾ 1ರಷ್ಟು, ಬರವಿದ್ದಲ್ಲಿ ಶೇಕಡಾ 1.7ರಷ್ಟು ಕುಗ್ಗಿತ್ತು. ಅಮೆರಿಕದ ದೀರ್ಘಕಾಲದ ದತ್ತಾಂಶವನ್ನು ಪರಿಶೀಲಿಸಿದ 2009ರ ಇನ್ನೊಂದು ಅಧ್ಯಯನವೂ ಮೆಕ್ಕೆಜೋಳಕ್ಕೆ 29, ಸೋಯಾ ಅವರೆಗೆ 30, ಹತ್ತಿಗೆ 32 ಡಿಗ್ರಿಯವರೆಗೆ ಬಿಸಿ ಬೆಳೆಗೆ ನೆರವಾಗುತ್ತದೆ, ಆ ಗೆರೆ ದಾಟಿದೊಡನೆ ಇಳುವರಿ ಕಡಿದಾಗಿ ಇಳಿಯುತ್ತದೆ ಎಂದು ಕಂಡುಕೊಂಡಿತು. ಗೆರೆಯ ಕೆಳಗಿನ ಒಂದು ಡಿಗ್ರಿಯನ್ನೂ ಮೇಲಿನ ಒಂದು ಡಿಗ್ರಿಯನ್ನೂ ಕೂಡಿಸಿ ಸರಾಸರಿ ತೆಗೆದರೆ ಲಾಭ ನಷ್ಟಗಳೆರಡೂ ಒಟ್ಟಿಗೆ ಅಳಿಸಿಹೋಗುತ್ತವೆ.

ರಾತ್ರಿಯ ಬಿಸಿಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಬಿಸಿಗಾಳಿಯ ಎಚ್ಚರಿಕೆಗಳೆಲ್ಲ ಹಗಲಿನ ಗರಿಷ್ಠ ಉಷ್ಣಾಂಶದ ಸುತ್ತಲೇ ಸುತ್ತುತ್ತವೆ. ಗಿಡ ರಾತ್ರಿಯೂ ಉಸಿರಾಡುತ್ತದೆ. ರಾತ್ರಿ ಬೆಚ್ಚಗಾದಷ್ಟೂ ಹಗಲು ಕೂಡಿಸಿಟ್ಟ ಸಕ್ಕರೆಯನ್ನು ಅದು ಹೆಚ್ಚು ವೇಗವಾಗಿ ಖರ್ಚು ಮಾಡುತ್ತದೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಾಕುಗಳಲ್ಲಿ 1992ರಿಂದ 2003ರವರೆಗೆ ನಡೆದ ಪ್ರಯೋಗಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಒಣ ಋತುವಿನಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ 1 ಡಿಗ್ರಿ ಏರಿದಾಗ ಭತ್ತದ ಇಳುವರಿ ಶೇಕಡಾ 10ರಷ್ಟು ಇಳಿದಿತ್ತು, ಹಗಲಿನ ಗರಿಷ್ಠ ಉಷ್ಣಾಂಶದಿಂದ ಮಾತ್ರ ಗುರುತಿಸುವಂಥ ಪರಿಣಾಮ ಕಂಡಿರಲಿಲ್ಲ. ಅಲ್ಲಿ ಕಾಲು ಶತಮಾನದಲ್ಲಿ ಹೆಚ್ಚು ಏರಿದ್ದೂ ರಾತ್ರಿಯ ಉಷ್ಣಾಂಶವೇ. ಇಷ್ಟು ವರ್ಷವಾದರೂ ಬೆಳೆಗಾರರಿಗೆ ತಲುಪುವ ಬುಲೆಟಿನ್‌ಗಳಲ್ಲಿ ರಾತ್ರಿಯ ಬಿಸಿಗೆ ಅದಕ್ಕೆ ತಕ್ಕ ಸ್ಥಾನ ಸಿಕ್ಕಿದ್ದನ್ನು ನಾನು ಅಪರೂಪಕ್ಕೆ ಮಾತ್ರ ಕಂಡಿದ್ದೇನೆ.

ಗೋಧಿಗೆ ಅಪಾಯದ ಹೊತ್ತು ಕೊನೆಯಲ್ಲಿ ಬರುತ್ತದೆ. ಹಾಲುಗಾಳು ತುಂಬಿ ಗಟ್ಟಿಯಾಗುವ ವಾರಗಳಲ್ಲಿ ಬಿಸಿ ಹೆಚ್ಚಾದರೆ ಗಿಡ ಬೇಗ ಮಾಗುತ್ತದೆ, ಕಾಳಿಗೆ ಪಿಷ್ಟ ತುಂಬಲು ದಿನಗಳೇ ಸಾಲುವುದಿಲ್ಲ, ಕಾಳು ಸುಕ್ಕುತ್ತದೆ. 2022ರ ಮಾರ್ಚ್ ತಿಂಗಳ ಗರಿಷ್ಠ ಉಷ್ಣಾಂಶ ಭಾರತದಲ್ಲಿ 1901ರಿಂದೀಚೆಗೆ ದಾಖಲಾದ ಮಾರ್ಚ್‌ಗಳಲ್ಲೇ ಅತಿ ಹೆಚ್ಚಿನದು. ಕಾಳು ಸುಕ್ಕಿದ್ದು ಆ ಮಾರ್ಚ್‌ನಲ್ಲಿ. ಫೆಬ್ರುವರಿಯಲ್ಲಿ ಸುಮಾರು 11.13 ಕೋಟಿ ಟನ್ ಎಂದಿದ್ದ ಅಂದಾಜು ಸುಮಾರು 10.64 ಕೋಟಿ ಟನ್‌ಗೆ ಇಳಿದದ್ದು ಮೇ ತಿಂಗಳಲ್ಲಿ, ಮೇ 13ರಂದು ಗೋಧಿ ರಫ್ತಿಗೆ ದಿಢೀರನೆ ತಡೆ ಬಿದ್ದ ಮೇಲೆ. ಅದಕ್ಕೂ ಹಿಂದೆ, 2010ರಲ್ಲಿ ರಷ್ಯಾದ ಬಿಸಿಗಾಳಿ ಮತ್ತು ಬರ ಆ ದೇಶದ ಧಾನ್ಯೋತ್ಪಾದನೆಯ ಸುಮಾರು ಮೂರನೆಯ ಒಂದು ಭಾಗವನ್ನು ಕಿತ್ತುಕೊಂಡಾಗಲೂ ಆಗಸ್ಟ್ 15ರಿಂದ ರಫ್ತು ನಿಷೇಧ ಜಾರಿಗೆ ಬಂದಿತ್ತು. ಇಂಥ ಹಠಾತ್ ನಿರ್ಧಾರಗಳಿಂದ ಬೆಳೆದವರಿಗೂ ಕೊಳ್ಳುವವರಿಗೂ ಆಗುವ ತೊಂದರೆಯನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಕಾಳು ಕಟ್ಟುವ ವಾರದ ಉಷ್ಣಾಂಶವನ್ನು ಆ ವಾರವೇ ಬೆಳೆಯ ಹಂತದ ಪಕ್ಕದಲ್ಲಿಟ್ಟು ನೋಡುವ ವ್ಯವಸ್ಥೆ ಗಟ್ಟಿಯಾಗಿದ್ದಲ್ಲಿ, ನಿರ್ಧಾರ ಯಾವುದೇ ಇರಲಿ, ಅದಕ್ಕೆ ಸಿದ್ಧವಾಗಲು ಎಲ್ಲರಿಗೂ ಒಂದಿಷ್ಟು ಕಾಲ ಸಿಗುತ್ತದೆ.

ನೀರು ಹೆಚ್ಚಾದಾಗಿನ ನಷ್ಟ ಕಣ್ಣಿಗೆ ಬೇಗ ಕಾಣುತ್ತದೆ, ಆದರೆ ಅಂಕಿಗಳಲ್ಲಿ ಅದು ಕರಗಿಹೋಗುತ್ತದೆ. ನೀರಿನೊಳಗೆ ಆಮ್ಲಜನಕ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ, ನಿಂತ ನೀರಿನಡಿ ಬೇರು ಉಸಿರುಗಟ್ಟುತ್ತದೆ. ನೀರಿನಲ್ಲೇ ಬೆಳೆಯುವ ಭತ್ತವೂ ಪೂರ್ತಿ ಮುಳುಗಿದರೆ, ಹೆಚ್ಚಿನ ತಳಿಗಳು ಒಂದು ವಾರ ತಾಳುವುದೇ ಕಷ್ಟ. 1964ರಿಂದ 2007ರವರೆಗಿನ ವಿಕೋಪಗಳನ್ನು ದೇಶವಾರು ಧಾನ್ಯೋತ್ಪಾದನೆಯೊಂದಿಗೆ ಹೋಲಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಬರ ಮತ್ತು ತೀವ್ರ ಬಿಸಿ ದೇಶದ ಉತ್ಪಾದನೆಯನ್ನು ಸರಾಸರಿ ಶೇಕಡಾ 9ರಿಂದ 10ರಷ್ಟು ತಗ್ಗಿಸಿದ್ದನ್ನು ತೋರಿಸಿತು. ನೆರೆ ಮತ್ತು ತೀವ್ರ ಚಳಿಯ ಪರಿಣಾಮ ಮಾತ್ರ ದೇಶದ ಮಟ್ಟದ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ಇದನ್ನು ಓದಿ ನೆರೆಯಿಂದ ನಷ್ಟವಿಲ್ಲ ಎಂದು ಯಾರೂ ತಿಳಿಯಬಾರದು. ನದಿಯ ಬಯಲಿನಲ್ಲಿ ಎಲ್ಲವನ್ನೂ ಕಳೆದುಕೊಂಡವರ ಲೆಕ್ಕವನ್ನು, ಅದೇ ಮಳೆಯಿಂದ ಲಾಭ ಪಡೆದ ದೂರದ ದಿಬ್ಬದ ಹೊಲಗಳ ಲೆಕ್ಕದೊಂದಿಗೆ ಕೂಡಿಸಿದರೆ ಸೊನ್ನೆ ಬರುವುದು ಸಹಜ. ಆ ಸೊನ್ನೆಯನ್ನು ನಂಬಿ ಪರಿಹಾರ ನಿಧಿಯ ಗಾತ್ರ ನಿರ್ಧರಿಸಿದರೆ ಅನ್ಯಾಯವಾಗುವುದೂ ಅಷ್ಟೇ ಖಚಿತ.

ಎರಡು ವಿಕೋಪಗಳು ಬೇರೆ ಬೇರೆ ತಿಂಗಳಲ್ಲಿ, ಒಂದೊಂದೂ ಬಿಡಿಯಾಗಿ ನೋಡಿದರೆ ಸಣ್ಣದೆನಿಸುವಂತೆ ಬಂದಾಗ ಲೆಕ್ಕ ಇನ್ನಷ್ಟು ತಪ್ಪುತ್ತದೆ. 2016ರಲ್ಲಿ ಫ್ರಾನ್ಸ್‌ನ ಗೋಧಿಗೆ ಆದದ್ದು ಇದೇ. ಹಿಂದಿನ ವರ್ಷದ ಕೊನೆಯಲ್ಲಿ ಅಸಹಜವಾದ ಬೆಚ್ಚನೆಯ ಹವೆ, ವಸಂತದ ಕೊನೆಯಲ್ಲಿ ಬಿಡದೆ ಸುರಿದ ಮಳೆ, ಮೋಡ ಕವಿದ ಆಕಾಶ, ಅದರ ಬೆನ್ನಿಗೆ ರೋಗ. ಯುರೋಪಿನ ಅತ್ಯಂತ ನೆಚ್ಚಿನ ಗೋಧಿ ಬಯಲುಗಳಲ್ಲಿ ಇಳುವರಿ ನಾಲ್ಕನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು, ಮುಂಗಾಣ್ಕೆಯ ವ್ಯವಸ್ಥೆಗಳು ಕೊಯ್ಲು ಹತ್ತಿರವಾಗುವವರೆಗೂ ಅದನ್ನು ಗುರುತಿಸಲಿಲ್ಲ. ಅದೇ ದೇಶದಲ್ಲಿ 2021ರ ಮಾರ್ಚ್ ಕೊನೆಯ ಬಿಸಿ ಹಣ್ಣಿನ ಮರಗಳನ್ನೂ ದ್ರಾಕ್ಷಿ ಬಳ್ಳಿಗಳನ್ನೂ ಬೇಗ ಚಿಗುರಿಸಿತು, ಏಪ್ರಿಲ್ ಮೊದಲ ವಾರದ ಹಿಮ ಆ ಎಳೆ ಚಿಗುರನ್ನು ಸುಟ್ಟುಹಾಕಿತು. ಏಪ್ರಿಲ್‌ನಲ್ಲಿ ಹಿಮ ಬೀಳುವುದು ಅಲ್ಲಿ ಹೊಸದಲ್ಲ. ಚಿಗುರು ಅಷ್ಟು ಹೊತ್ತಿಗೆ ಹೊರಬಂದಿದ್ದದ್ದು ಅನಾಹುತಕ್ಕೆ ಕಾರಣವಾಯಿತು.

ಹೀಗಾಗಿ ನನ್ನ ಮೊದಲ ಬೇಡಿಕೆ ಸರಳವಾದದ್ದು. ಹವಾಮಾನದ ದಾಖಲೆಯ ಜೊತೆಗೆ ಬೆಳೆಯ ಹಂತದ ದಾಖಲೆಯನ್ನೂ ಇಡಿ. ಬಿತ್ತನೆ ಅಥವಾ ನಾಟಿಯ ತಾರೀಖು, ಹೂವು ಕಂಡ ತಾರೀಖು, ಕಾಳು ಗಟ್ಟಿಯಾದ ತಾರೀಖು ಈ ಮೂರನ್ನು ಸಣ್ಣ ಸಣ್ಣ ಪ್ರದೇಶಗಳ ಮಟ್ಟದಲ್ಲಿ ಬರೆದಿಟ್ಟರೆ ಸಾಕು, ಯಾವ ದಿನದ ಬಿಸಿ ಅಥವಾ ಮಳೆ ಯಾವ ಬೆಳೆಗೆ ತಗುಲಿತು ಎಂಬುದು ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ದುಬಾರಿ ಉಪಗ್ರಹವೇ ಬೇಕೆಂದಿಲ್ಲ. ಬೆಳೆದವರನ್ನು ಕೇಳಿದರೆ ತಾರೀಖು ಹೇಳುತ್ತಾರೆ. ಅವರನ್ನು ಕೇಳುವ ಪದ್ಧತಿ ಬೆಳೆಯಬೇಕು.

ಅಳೆಯುವ ಜಾಗದ ಬಗ್ಗೆಯೂ ಒಂದು ಮಾತು. ಹವಾಮಾನ ಕೇಂದ್ರದ ಉಷ್ಣಮಾಪಕ ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಇರುತ್ತದೆ. ತೆನೆ ಅನುಭವಿಸುವ ಬಿಸಿ ಅದಕ್ಕಿಂತ ಬೇರೆ. ಒಣ ಗಾಳಿಯ ಪ್ರದೇಶದಲ್ಲಿ ನೀರು ತುಂಬಿದ ಗದ್ದೆಯ ಪೈರು ಬೆವರಿ ತನ್ನನ್ನು ಹಲವು ಡಿಗ್ರಿ ತಂಪಾಗಿಟ್ಟುಕೊಳ್ಳಬಲ್ಲದು; ಆಸ್ಟ್ರೇಲಿಯಾದ ಆಗ್ನೇಯ ಭಾಗದ ಒಣ ಸೆಖೆಯಲ್ಲಿ ಭತ್ತ ಕಾಳು ಕಟ್ಟುವುದು ಹೀಗೆಯೇ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರದ ಕಾರಣ, ಉಷ್ಣಮಾಪಕ ಕಡಿಮೆ ತೋರಿಸಿದರೂ ತೆನೆ ಹೆಚ್ಚು ಬೇಯುತ್ತದೆ. ಆದ್ದರಿಂದ ಎಚ್ಚರಿಕೆಯ ಮಟ್ಟವನ್ನು ಎಲ್ಲೆಡೆಗೂ ಒಂದೇ ಅಂಕಿಯಲ್ಲಿ ನಿಗದಿ ಮಾಡಬೇಡಿ. ಗಾಳಿಯ ತೇವವನ್ನೂ ರಾತ್ರಿಯ ಉಷ್ಣಾಂಶವನ್ನೂ ಅದರಲ್ಲಿ ಸೇರಿಸಿ.

ಎರಡನೆಯದು ವಿಮೆ ಮತ್ತು ಪರಿಹಾರ. ಇಡೀ ಋತುವಿನ ಒಟ್ಟು ಮಳೆಯ ಮೇಲೆ ನಿಂತ ವಿಮೆ, ಜೊಳ್ಳು ತೆನೆ ಹಿಡಿದು ಬಂದವರಿಗೆ ಮಳೆ ವಾಡಿಕೆಯಷ್ಟಾಗಿದೆ ಎಂಬ ಉತ್ತರ ಕೊಡುತ್ತದೆ. ಅಂಥ ಉತ್ತರ ಪಡೆದು ಹಿಂದಿರುಗಿದವರೊಬ್ಬರ ಜೊತೆ ನಾನು ಒಂದು ಇಡೀ ಮಧ್ಯಾಹ್ನ ಅವರ ಗದ್ದೆಯ ಬದುವಿನ ಮೇಲೆ ಕುಳಿತಿದ್ದೇನೆ. ಮರು ವರ್ಷ ಅವರು ವಿಮೆಗೆ ಕಂತು ಕಟ್ಟಲಿಲ್ಲ. ಅವರನ್ನು ಒಪ್ಪಿಸುವ ವಾದ ನನ್ನಲ್ಲೂ ಇರಲಿಲ್ಲ. ಹೂವಾಡುವ ಮತ್ತು ಕಾಳು ಕಟ್ಟುವ ದಿನಗಳ ಬಿಸಿ, ಸತತ ಒಣದಿನಗಳು, ಪೈರು ಮುಳುಗಿದ ದಿನಗಳು ಇವುಗಳನ್ನು ಅಳತೆಗೋಲಾಗಿ ಇಟ್ಟುಕೊಂಡು, ಹೊಲದಲ್ಲಿ ಕೊಯ್ದು ತೂಗಿದ ಮಾದರಿಯೊಂದಿಗೆ ತಾಳೆ ನೋಡುವ ನಿಯಮ ಬರಬೇಕು.

ಮೂರನೆಯದು ಸಂಶೋಧನೆಗೆ ಕೊಡುವ ಹಣ. ಇಲ್ಲಿ ನನಗೆ ಭರವಸೆಯಿದೆ, ಏಕೆಂದರೆ ಹಂತವನ್ನು ಗುರಿಯಾಗಿಟ್ಟು ನಡೆದ ಕೆಲಸ ಫಲ ಕೊಟ್ಟಿದೆ. ಒಡಿಶಾದ ಹಳೆಯ ಭತ್ತದ ತಳಿಯೊಂದರಲ್ಲಿದ್ದ, ಮುಳುಗಡೆಯನ್ನು ತಾಳಿಕೊಳ್ಳುವ ಸಬ್-1 ಎಂಬ ಗುಣವನ್ನು ಗುರುತಿಸಿ, ಜನಪ್ರಿಯ ಸ್ವರ್ಣ ತಳಿಗೆ ತಂದು, 2009ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಲಾಯಿತು. ನೀರು ಬಂದಾಗ ಎತ್ತರಕ್ಕೆ ಚಾಚಿ ಶಕ್ತಿ ಕಳೆದುಕೊಳ್ಳುವ ಬದಲು ಈ ಪೈರು ಬೆಳವಣಿಗೆಯನ್ನು ತಡೆಹಿಡಿದು ಕಾಯುತ್ತದೆ, ಸುಮಾರು ಎರಡು ವಾರ ಮುಳುಗಿದ್ದರೂ ನೀರಿಳಿದ ಮೇಲೆ ಚೇತರಿಸಿಕೊಳ್ಳುತ್ತದೆ. ಹಾಗೆಯೇ ಕಾಡುಭತ್ತದ ಒಂದು ಪ್ರಭೇದದಿಂದ ಬೇಗ ಹೂವರಳುವ ಗುಣವನ್ನು ಬೆಳೆಯುವ ಭತ್ತಕ್ಕೆ ತರುವ ಕೆಲಸ ನಡೆದಿದೆ: ಹೂವು ಬೆಳಗ್ಗೆ ಒಂದೂವರೆ ಎರಡು ಗಂಟೆ ಮುಂಚೆಯೇ ಅರಳಿ, ಬಿಸಿಲು ಏರುವ ಮೊದಲೇ ಮುಚ್ಚಿಕೊಳ್ಳುತ್ತದೆ. ಬಿಸಿಯನ್ನು ತಡೆಯಲಾಗದಿದ್ದರೆ ಅದರಿಂದ ತಪ್ಪಿಸಿಕೊಳ್ಳುವ ಈ ಉಪಾಯವನ್ನು ಕಂಡಾಗ ನನಗೆ ನಿಜವಾಗಿ ಸಂತೋಷವಾಯಿತು. ಇಂಥ ಕೆಲಸಗಳಿಗೆ ಹತ್ತು ಹದಿನೈದು ವರ್ಷ ಬೇಕು, ಎರಡು ವರ್ಷಕ್ಕೊಮ್ಮೆ ಬದಲಾಗುವ ಯೋಜನೆಗಳಲ್ಲಿ ಅವು ಉಳಿಯುವುದಿಲ್ಲ. ತಳಿಯ ಜೊತೆಗೆ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿಸುವ ಕೆಲಸಕ್ಕೂ ದೀರ್ಘಕಾಲದ ನೆರವು ಕೊಡಿ. ಹದವಾದ ಮಣ್ಣು ಸುರಿದ ನೀರನ್ನು ಬೇಗ ಒಳಗೆಳೆದುಕೊಳ್ಳುತ್ತದೆ, ಒಣದಿನಗಳಲ್ಲಿ ಅದನ್ನು ಬೇರಿಗೆ ಕೊಡುತ್ತದೆ.

ಎಲ್ಲರಿಗೂ 2027ರ ಒಳಗೆ ಮುನ್ನೆಚ್ಚರಿಕೆ ತಲುಪಬೇಕೆಂಬ ಗುರಿಯನ್ನು ವಿಶ್ವಸಂಸ್ಥೆ 2022ರಲ್ಲಿ ಘೋಷಿಸಿತು. ಬೆಳೆಗಾರರಿಗೆ ಹೋಗುವ ಎಚ್ಚರಿಕೆ ಅವರ ಕೆಲಸಕ್ಕೆ ಒದಗಬೇಕಾದರೆ ಅದು ಬೆಳೆಯ ಭಾಷೆಯಲ್ಲಿರಬೇಕು. ನಾಳೆ ಗರಿಷ್ಠ ಉಷ್ಣಾಂಶ 38 ಡಿಗ್ರಿ ಎಂದಷ್ಟೇ ಹೇಳಿದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಈ ವಾರ ಹೂವಾಡುತ್ತಿರುವ ಪೈರಿಗೆ ಮುಂದಿನ ನಾಲ್ಕು ದಿನ ಅಪಾಯವಿದೆ, ನೀರಿದ್ದವರು ಗದ್ದೆಯಲ್ಲಿ ನೀರು ನಿಲ್ಲಿಸಿ ಎಂದರೆ ತಿಳಿಯುತ್ತದೆ. ಹತ್ತು ದಿನಗಳ ಮಳೆಯ ಮುನ್ಸೂಚನೆ ಕೊಯ್ಲಿಗೆ ಬಂದ ಬೆಳೆಯವರಿಗೆ ಒಂದು ಮಾತು, ಆಗತಾನೇ ಬಿತ್ತಿದವರಿಗೆ ಇನ್ನೊಂದು ಮಾತು. ಯಾರ ಬೆಳೆ ಯಾವ ಹಂತದಲ್ಲಿದೆ ಎಂಬ ದಾಖಲೆ ನಿಮ್ಮ ಬಳಿ ಇದ್ದರೆ ಆ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಲುಪಿಸುವುದು ಕಷ್ಟವೇನಲ್ಲ.

ಇಷ್ಟೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಎಂದು ಕೇಳುತ್ತಿಲ್ಲ. ಮುಂದಿನ ಋತುವಿನ ವರದಿಯಲ್ಲಿ, ಮಳೆ ಮತ್ತು ಉಷ್ಣಾಂಶದ ಅಂಕಣಗಳ ಪಕ್ಕದಲ್ಲಿ, ಪ್ರತಿ ಪ್ರಮುಖ ಬೆಳೆ ಹೂವಾಡಿದ ದಿನಗಳನ್ನೂ ಆ ದಿನಗಳ ಹಗಲು ರಾತ್ರಿಯ ಉಷ್ಣಾಂಶವನ್ನೂ ತೋರಿಸುವ ಇನ್ನೊಂದು ಅಂಕಣವನ್ನು ಸೇರಿಸಿ, ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ. ನಾನು ಇಷ್ಟು ವರ್ಷ ಬರೆದಿಟ್ಟ ಟಿಪ್ಪಣಿಗಳು ಆ ಕೆಲಸಕ್ಕೆ ಉಪಯೋಗವಾಗುವುದಾದರೆ ಅವನ್ನು ಒಪ್ಪಿಸಲು ಸಿದ್ಧನಿದ್ದೇನೆ.

ಗೌರವಪೂರ್ವಕವಾಗಿ,
ಬೆಳೆ ನೋಡಿ ಬರೆದಿಡುವ ಒಬ್ಬ